ಶನಿವಾರದ ಸಹಿ

ಕುಂಭಾರಿಯಾಚೆ, ಅಕ್ಕಲಕೋಟೆ ರಸ್ತೆಯ ಬದಿಗೆ ಒಂದು ಸಣ್ಣ ದನದ ದವಾಖಾನೆ. ಅಲ್ಲಿಯ ಕಂಪೌಂಡರ್ ಅಣ್ಣಾರಾಯ ದಿನವಿಡೀ ಮಾತಾಡುತ್ತಿದ್ದುದು ಮದ್ದಿಗೆ ಬಂದ ಎತ್ತು ಎಮ್ಮೆಗಳ ಜೊತೆಗೇ ಹೆಚ್ಚು. ಡಾಕ್ಟರು ಸೊಲ್ಲಾಪುರದಿಂದ ತಿಂಗಳಿಗೊಮ್ಮೆ ಬಂದರೆ ಅದೇ ದೊಡ್ಡದು. ಹೆಂಡತಿ ತೀರಿ ಆರು ವರ್ಷವಾಗಿತ್ತು. ಹಿಂದಿನ ಕೋಣೆಯಲ್ಲಿ ಒಲೆ ಹಚ್ಚಿ, ಒಬ್ಬನೇ ಉಂಡು, ಒಬ್ಬನೇ ತಾಟು ತೊಳೆದಿಟ್ಟು ಮಲಗುವ ಮನುಷ್ಯ. ಕೆಲಸದಲ್ಲಿ ಬಲು ಚೊಕ್ಕ ಎಂದು ಹೆಸರಿತ್ತು. ಆ ಹೆಸರೊಂದನ್ನು ಬಿಟ್ಟರೆ ಪಾಪ, ಅವನ ಹತ್ತಿರ ಇನ್ನೇನಿತ್ತು?

೧೯೩೪ರ ಚಳಿಗಾಲದ ಒಂದು ಬೆಳಿಗ್ಗೆ ಕುರುಬರ ಹಣಮವ್ವ ಒಂದು ಕುರಿಯನ್ನು ಹೆಗಲ ಮೇಲೆ ಹೊತ್ತು ತಂದಳು. ಗಂಡ ಸತ್ತ ಹೆಂಗಸು. ಮೈದುನ ಭೀಮಣ್ಣನ ಹಿಂಡಿನಲ್ಲಿ ಅವಳವೂ ಒಂದಿಷ್ಟು ಕುರಿಗಳಿದ್ದವು.

"ಕಿವಿ ಬುಡ ಸುಡಾಕತ್ತೈತ್ರಿ ಸಾಹೇಬ್ರ. ಎರಡು ದಿನ ಇಲ್ಲೇ ಬ್ಯಾರೆ ಕಟ್ಟಿಸ್ಕೋರಿ."

ಅಣ್ಣಾರಾಯ ಥರ್ಮಾಮೀಟರು ಹಾಕಿ ನೋಡಿದ. "ನೂರಾ ಮೂರು. ಕುರಿಗೆ ಇಷ್ಟು ಇರಬೇಕಾದ್ದೇ. ಜ್ವರ ಇಲ್ಲ, ಹಿಂಡಿಗೆ ಬಿಡು."

"ನನ್ನ ಕೈಗೆ ತಿಳೀತೈತ್ರಿ…"

"ನಿನ್ನ ಕೈ ಹೆಚ್ಚೋ, ಈ ಗಾಜು ಹೆಚ್ಚೋ?"

ಅವಳು ಕುರಿಯನ್ನು ಮತ್ತೆ ಹೆಗಲಿಗೇರಿಸಿಕೊಂಡು ಹೋದಳು.

ತಿಂಗಳು ಕಳೆದಿರಬೇಕು. ಎತ್ತಿನ ಗೊರಸಿಗೆ ಎಣ್ಣೆ ಒಯ್ಯಲು ಬಂದ ರೈತ ಸಾತಲಿಂಗಪ್ಪ ಸುದ್ದಿ ಹೇಳಿದ. "ಭೀಮಣ್ಣನ ಹಿಂಡಿಗೆ ಸಿಡುಬು ಹೊಕ್ಕೈತ್ರಿ. ನಲವತ್ತು ಕುರಿ ಹೋದ್ವು. ಮೊದಲ ಸತ್ತದ್ದು ಹಣಮವ್ವಂದು. ಈಕಿ ಕಾಲ್ಗುಣಾನೇ ಹಿಂಗ ಅಂತ ಯಾರೂ ಆಕಿ ಕೂಡ ಮಾತಾಡವಲ್ಲರು. ನಾಳೆ ಐತವಾರ ಹಿರ್ಯಾರು ಕೂಡತಾರ. ಹೊರಗ ಹಾಕ್ತಾರಂತ."

ಸಾತಲಿಂಗಪ್ಪ ಹೋದ ಮೇಲೆ ಅಣ್ಣಾರಾಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ದಸರೆಯ ಹೊತ್ತಿಗೆ ಆ ಥರ್ಮಾಮೀಟರು ಅವನ ಕೈ ಜಾರಿ ಬಿದ್ದಿತ್ತು. ಒಡೆಯಲಿಲ್ಲವಲ್ಲ, ಬದುಕಿದೆ ಎಂದುಕೊಂಡು ಒರೆಸಿಟ್ಟಿದ್ದ, ಯಾರಿಗೂ ಹೇಳಿರಲಿಲ್ಲ. ಪ್ರತಿ ಶನಿವಾರ ಅದನ್ನು ಪೆಟ್ಟಿಗೆಯೊಳಗಿನ ಇನ್ನೊಂದು ಥರ್ಮಾಮೀಟರಿನ ಜೊತೆ ಒಂದೇ ನೀರಿನಲ್ಲಿಟ್ಟು ತಾಳೆ ನೋಡಬೇಕೆಂಬುದು ಡಾಕ್ಟರರ ಕಟ್ಟಪ್ಪಣೆ. ಅಣ್ಣಾರಾಯ ಪೆಟ್ಟಿಗೆ ತೆರೆಯುತ್ತಲೇ ಇರಲಿಲ್ಲ. ಪುಸ್ತಕದಲ್ಲಿ 'ನೋಡಲಾಗಿದೆ, ಸರಿ ಇದೆ' ಎಂದು ಬರೆದು ಸಹಿ ಹಾಕುವುದು ಮಾತ್ರ ಒಂದು ವಾರವೂ ತಪ್ಪಿರಲಿಲ್ಲ.

ಅವತ್ತು ಪೆಟ್ಟಿಗೆ ತೆರೆದ. ಉಗುರುಬೆಚ್ಚಗಿನ ನೀರಿನಲ್ಲಿ ಎರಡನ್ನೂ ಇಟ್ಟ. ಪೆಟ್ಟಿಗೆಯದು ನೂರು ತೋರಿಸಿತು, ದಿನಾ ಬಳಸುವುದು ತೊಂಬತ್ತೇಳು. ಬಿದ್ದ ಏಟಿಗೆ ಗಾಜಿನೊಳಗಿನ ಅಂಕಿಯ ಪಟ್ಟಿ ಜಾರಿ ಕೂತಿತ್ತು. ಮೂರು ಡಿಗ್ರಿ ಎಂದರೆ ಹಣಮವ್ವನ ಕುರಿಗೆ ಅಂದು ನೂರಾ ಆರು ಜ್ವರ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ನೌಕರಿ ಉಳಿಯುವ ಭರವಸೆ ಇಲ್ಲ. ನೌಕರಿ ಹೋದರೆ ಹಿಂತಿರುಗಲು ಮನೆಯೂ ಇಲ್ಲ. ಡಾಕ್ಟರರಿಗೆ ನಡೆದದ್ದೆಲ್ಲ ಬರೆದ ಪತ್ರವನ್ನು ಎರಡು ಸಲ ಹರಿದ. ಮೂರನೆಯದನ್ನು ಅಂಚೆಗೆ ಹಾಕಿಯೇ ಬಂದ.

ಐತವಾರ ಬೀರಪ್ಪನ ಗುಡಿಯ ಮುಂದೆ ಹಿರಿಯರು ಕಂಬಳಿ ಹಾಸಿ ಕೂತಿದ್ದರು. ಹಣಮವ್ವ ದೂರದಲ್ಲಿ, ಬಿಸಿಲಲ್ಲಿ ಒಬ್ಬಳೇ ಕೂತಿದ್ದಳು. ಅಣ್ಣಾರಾಯ ಎರಡೂ ಥರ್ಮಾಮೀಟರು ಹಿಡಿದು ಅಲ್ಲಿಗೆ ಬಂದು, ಅವಳನ್ನು ಹೊರಗೆ ಹಾಕಬೇಡಿ ಎಂದ.

"ನಲವತ್ತು ಕುರಿ ಸತ್ತಾವ್ರಿ ಸಾಹೇಬ್ರ," ಎಂದ ಭೀಮಣ್ಣ. "ನಾವೇನು ಮಂದಿ ಮಾತು ಕೇಳಿ ಕುಂತಿಲ್ಲ. ಬ್ಯಾನಿ ಬಂದದ್ದು ಈಕಿ ಕುರಿಯಿಂದನ. ಹಿಂಡು ಉಳಿಸ್ಕೋಬೇಕಲ್ರಿ ನಾವು?"

"ಬ್ಯಾನಿ ಬಂದದ್ದು ಆಕಿ ಕುರಿಯಿಂದ ಖರೆ," ಎಂದ ಅಣ್ಣಾರಾಯ. "ಹಿಂಡಿಗೆ ಬಿಡು ಅಂದಾಂವ ನಾನು. ಆಕಿ ಬ್ಯಾರೆ ಕಟ್ಟಿಸ್ಕೋರಿ ಅಂದಿದ್ದಳು."

ಒಂದು ಪರಾತಿನಲ್ಲಿ ಬೆಚ್ಚಗಿನ ನೀರು ತರಿಸಿದ. ಎರಡು ಥರ್ಮಾಮೀಟರುಗಳನ್ನೂ ಅದರಲ್ಲಿಟ್ಟು ತೆಗೆದು ಭೀಮಣ್ಣನ ಕೈಗೆ ಕೊಟ್ಟ. ಅಕ್ಷರ ಬಾರದಿದ್ದರೇನು, ಕಣ್ಣಿಗೆ ಕಾಣುವಂಥದ್ದೇ. ಒಂದರಲ್ಲಿ ಪಾದರಸದ ಗೆರೆ ಅಂಕಿಯ ಪಟ್ಟಿಯ ಕೆಂಪು ಗೀಟನ್ನು ದಾಟಿತ್ತು, ಇನ್ನೊಂದರಲ್ಲಿ ಅದರ ಕೆಳಗೇ ನಿಂತಿತ್ತು. ಗಾಜು ಕೈಯಿಂದ ಕೈಗೆ ಹೋಯಿತು. ತಾನು ಬೀಳಿಸಿದ್ದನ್ನೂ ನೋಡದೆ ಸಹಿ ಹಾಕಿದ್ದನ್ನೂ ಅಣ್ಣಾರಾಯ ಬಿಡಿಸಿ ಹೇಳಿದ.

ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಭೀಮಣ್ಣ ಕಂಬಳಿಯ ಮೇಲೆ ಸರಿದು ಜಾಗ ಮಾಡಿ, "ವೈನಿ, ನೆರಳಿಗೆ ಬರ್ರಿ," ಎಂದು ಅತ್ತಿಗೆಯನ್ನು ಕರೆದ.

ಹಣಮವ್ವ ಎದ್ದು ಬಂದಳು, ಆದರೆ ಕೂರಲಿಲ್ಲ. ಅಣ್ಣಾರಾಯನ ಎದುರಿಗೆ ನಿಂತಳು.

"ಕುರಿ ಹೋದ್ವು, ಹೋಗ್ಲಿ. ಮತ್ತ ಹುಟ್ಟತಾವ. ಇಪ್ಪತ್ತು ದಿನ ಆತ್ರಿ, ಉಂಡಿ ಏನು ಅಂತ ನನಗ ಒಬ್ಬರೂ ಕೇಳಿಲ್ಲ. ಅದನ್ನ ಹ್ಯಾಂಗ ತಿರುಗಿ ಕೊಡ್ತೀರಿ?"

ಆ ಇಪ್ಪತ್ತು ದಿನ ಹೇಗಿದ್ದಿರಬೇಕೆಂದು ಅಲ್ಲಿದ್ದವರೆಲ್ಲರಿಗಿಂತ ಅಣ್ಣಾರಾಯನಿಗೇ ಚೆನ್ನಾಗಿ ಗೊತ್ತಿತ್ತು.

"ಯವ್ವಾ," ಎಂದ, "ಉಂಡಿಯೇನು?"

ಅವಳು ಅವನ ಮುಖವನ್ನೇ ನೋಡಿದಳು.

"ಇಲ್ರಿ," ಎಂದಳು. "ನೀವು?"

"ನಾನೂ ಇಲ್ಲ."

ಹಣಮವ್ವ ರೊಟ್ಟಿಯ ಗಂಟು ತರಲು ತನ್ನ ಗುಡಿಸಲಿನ ಕಡೆ ನಡೆದಳು.