ಫಾರಿನ್ ಮಿಸ್ ಅವರ ಫೋಟೋ

ಅಲ್ತಾಫ್ ಮೌಸನ್ನು ಸಣ್ಣಗೆ ಆಡಿಸುತ್ತ ಯಶೋಧರಾಳ ಹಣೆಯ ಕುಂಕುಮ ಅಳಿಸುತ್ತಿದ್ದ. ಕೆನ್ನೆಯ ಬಣ್ಣವನ್ನು ಒಂದಿಷ್ಟು ತೆಗೆದು ಹಣೆಗೆ ತುಂಬುವುದು, ಹುಬ್ಬಿನ ಹತ್ತಿರ ತಪ್ಪಿದರೆ ಹಿಂದಕ್ಕೆ ಹೋಗುವುದು, ಮತ್ತೆ ತುಂಬುವುದು. ಭೀಮೇಶ್ ಅವನ ಕುರ್ಚಿಯ ಹಿಂದೆ ನಿಂತಿದ್ದ. ಅಕ್ಕನ ಮುಖ ಪರದೆಯ ಅಗಲಕ್ಕೂ ಹಿಗ್ಗಿತ್ತು. ಅಷ್ಟು ಹತ್ತಿರದಿಂದ ಆ ಮುಖವನ್ನು ಅವನು ಎಂದೂ ನೋಡಿರಲಿಲ್ಲ.

ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಆ ಫ್ಲೆಕ್ಸ್ ಅಂಗಡಿಯಲ್ಲಿ ಬೆಳಗಿನ ಕಸ ಇನ್ನೂ ಹೊಡೆದಿರಲಿಲ್ಲ. ಹಿಂದಿನ ದಿನ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳ ಸಾಲು ಸರಿಮಾಡುತ್ತಿದ್ದ ಯಶೋಧರಾ ನಿಂತಲ್ಲೇ ಕುಸಿದಿದ್ದಳು. ದಾವಣಗೆರೆಗೆ ಒಯ್ದರು, ಸಂಜೆಯೊಳಗೆ ಎಲ್ಲ ಮುಗಿಯಿತು. ಮೂವತ್ತೊಂಬತ್ತು ವರ್ಷ. ಹನ್ನೊಂದು ಗಂಟೆಗೆ ಆಕೆಯನ್ನು ತಮ್ಮೂರು ಕತ್ತಲಗೆರೆಗೆ ತರುವುದಿತ್ತು. ಈಗೀಗ ಯಾರು ಸತ್ತರೂ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟದೆ ಯಾರೂ ಹೆಣ ಎತ್ತುವುದಿಲ್ಲ. ಅವ್ವ ಓಬವ್ವ ಮಗನಿಗೆ ಹೇಳಿದ್ದು ಒಂದೇ ಮಾತು. ‘ಫೋಟೋದಾಗೆ ಕುಂಕುಮ ಇರಬಾರ್ದು ನೋಡಪ್ಪ. ನನ್ನ ಮಗಳನ್ನ ನನ್ನ ಮಗಳಾಗೇ ಕಳಿಸ್ತೀನಿ.’

ಬೇರೆ ಫೋಟೋ ಇರಲಿಲ್ಲ. ಮೊಬೈಲಿನ ಬೀಗ ಯಾರಿಗೂ ಗೊತ್ತಿಲ್ಲ; ಆಧಾರ್ ಕಾರ್ಡಿನಲ್ಲಿ ಅವಳು ಯಾರೋ. ಅಲ್ತಾಫನ ಕಂಪ್ಯೂಟರಿನಲ್ಲಿ ಮಾತ್ರ ‘ಫಾರಿನ್ ಮಿಸ್’ ಎಂಬ ಹೆಸರಿನಡಿ ಈ ಒಂದು ಚಿತ್ರ ದೊಡ್ಡದಾಗಿ, ಚೊಕ್ಕಟವಾಗಿ ಉಳಿದುಕೊಂಡಿತ್ತು. ರೇಷ್ಮೆ ಸೀರೆ, ಮುಡಿಗೆ ಹೂವು, ಹಣೆಗೆ ಕಾಸಗಲ ಕುಂಕುಮ, ಕೈಯಲ್ಲಿ ಆರತಿ ತಟ್ಟೆ, ಸುತ್ತ ಥಾಯ್ಲೆಂಡಿನ ಮಕ್ಕಳು. ಹನ್ನೆರಡು ವರ್ಷಗಳಿಂದ ಪ್ರತಿ ಏಪ್ರಿಲ್‌ನಲ್ಲೂ ಅವಳ ಶಾಲೆಯ ಅಡ್ಮಿಷನ್ ಫ್ಲೆಕ್ಸ್‌ಗೆ ಇದೇ ಫೋಟೋ.

‘ನಮ್ಮ ನಿಲೋಫರ್‌ಗೆ ಎಬಿಸಿಡಿ ತಿದ್ದಿಸಿದ್ದು ಇವರೇ ಸಾರ್,’ ಅಂದ ಅಲ್ತಾಫ್. ‘ನಿನ್ನೆಯಿಂದ ಉಂಡಿಲ್ಲ ಆ ಹುಡುಗಿ.’

ಹಣೆ ಈಗ ಖಾಲಿಯಾಗಿತ್ತು. ಹೂವು, ರೇಷ್ಮೆ ಎಲ್ಲ ಇದ್ದರೂ ಅಕ್ಕ ಅಕ್ಕನ ಹಾಗೆ ಕಂಡಳು. ಭೀಮೇಶ್ ಪರದೆಯ ಕಡೆಗೆ ಬಾಗಿದ. ಅಷ್ಟರಲ್ಲಿ ಜೇಬಿನ ಮೊಬೈಲ್ ಗುಂಯ್ಗುಟ್ಟಿತು. ಹೊನ್ನಾಳಿಯಲ್ಲಿ ಅವನು ಬಾಡಿಗೆಗಿರುವ ಮನೆಯ ಮಾಲೀಕ ಹಾಲೇಶಪ್ಪ. ವಿಷಯ ತಿಳಿಯಿತು, ತಾನು ಈಗಲೇ ಗಾಡಿ ಹತ್ತುತ್ತಿದ್ದೇನೆ, ಕತ್ತಲಗೆರೆಯಲ್ಲಿ ಮನೆ ಎಲ್ಲಿ ಬರುತ್ತದೆ ಎಂದು ಕೇಳಿದ. ಭೀಮೇಶ್ ಬಸ್ ಸ್ಟಾಪಿನಲ್ಲೇ ನಿಂತಿರಿ, ನಾನೇ ಬರುತ್ತೇನೆ ಎಂದು ಎರಡು ಸಲ ಹೇಳಿದ.

ಮೊಬೈಲ್ ಜೇಬಿಗಿಟ್ಟ ಮೇಲೂ ಅವನ ಕೈ ಅಲ್ಲೇ ಇತ್ತು.

‘ಮ್ಯಾಲೆ ಯಾರನ್ನ ಹಾಕ್ಲಿ ಸಾರ್? ಬುದ್ಧರು, ಬಾಬಾಸಾಹೇಬ್ರು ಅಲ್ವಾ?’

‘ಮ್ಯಾಲೆ ಖಾಲಿ ಇರ್ಲಿ.’ ಭೀಮೇಶ್ ಪರದೆಯ ಕಡೆ ಬೆರಳು ಮಾಡಿ ಕೇಳಿದ: ‘ಅದು... ಹಣೇದು ಮತ್ತೆ ಹಾಕಾಕೆ ಬರ್ತದಾ?’

ಅಲ್ತಾಫ್ ತಿರುಗಿ ನೋಡಿದ. ಎರಡು ಕೀಲಿ ಒತ್ತಿದ. ಕಾಲು ಗಂಟೆಯ ಕೆಲಸ ಹಿಂದಕ್ಕೆ ಹೋಗಿ ಕುಂಕುಮ ಬಂದು ಕೂತಿತು. ಭೀಮೇಶ್ ಜನನ ಮರಣದ ತಾರೀಖನ್ನು ಮೂರು ಸಲ ಓದಿ ಸರಿ ಇದೆಯೇ ಎಂದು ನೋಡಿದ. ತಾಲ್ಲೂಕು ಕಚೇರಿಯ ಗುಮಾಸ್ತ, ಅಕ್ಷರ ತಪ್ಪಿದರೆ ನಿದ್ದೆ ಬಾರದವನು.

‘ಒಣಗಾಕೆ ಒಂದು ತಾಸಾದ್ರೂ ಬಿಡ್ರಿ,’ ಅಂದ ಅಲ್ತಾಫ್, ಬೆಚ್ಚಗಿದ್ದ ಫ್ಲೆಕ್ಸ್ ಸುತ್ತಿ ಕೊಡುತ್ತ. ‘ಈಗ್ಲೇ ಉಜ್ಜಿದ್ರೆ ಕೈಗೆ ಬರ್ತದೆ ಬಣ್ಣ.’

*

ಹದಿನಾಲ್ಕು ವರ್ಷದ ಹಿಂದೆ, ಬೇರೆ ದೇಶದ ಶಾಲೆಗಳಿಗೆ ಇಂಗ್ಲಿಷ್ ಸಹಾಯಕ ಶಿಕ್ಷಕರನ್ನು ಕಳಿಸುವ ಒಂದು ಸಂಸ್ಥೆಯಿಂದ ಯಶೋಧರಾಳಿಗೆ ಕಾಗದ ಬಂದಿತ್ತು. ಹತ್ತು ತಿಂಗಳು, ಥಾಯ್ಲೆಂಡಿನ ಲಂಪಾಂಗ್ ಎಂಬ ಊರು. ಕೆಲಸ ಎರಡು: ತರಗತಿಯಲ್ಲಿ ಟೀಚರಿಗೆ ನೆರವಾಗುವುದು, ಪ್ರತಿ ಶುಕ್ರವಾರ ಒಂದು ಗಂಟೆ ಸಾಂಸ್ಕೃತಿಕ ರಾಯಭಾರಿಯಾಗಿ ಮಕ್ಕಳಿಗೆ ಭಾರತವನ್ನು ತೋರಿಸುವುದು. ಏನು ತೋರಿಸಬೇಕೆಂದು ಒಂದು ಪುಸ್ತಿಕೆಯೂ ಬಂದಿತ್ತು. ಸೀರೆ, ಕುಂಕುಮ, ರಂಗೋಲಿ, ಆರತಿ, ಹಬ್ಬ.

ಭೀಮೇಶ್ ಆಗ ದಾವಣಗೆರೆಯಲ್ಲಿ ಹಗಲು ಜೆರಾಕ್ಸ್ ಅಂಗಡಿ, ಸಂಜೆ ಕಾಲೇಜು. ಒಂದು ದಿನ ಮಧ್ಯಾಹ್ನ ಲಂಪಾಂಗಿನಿಂದ ಅಕ್ಕನ ಕರೆ.

‘ಗುಡಿ ಒಳಗೆ ಆರತಿ ಹೆಂಗೆ ಎತ್ತತಾರೋ ಭೀಮ? ಎಡಕ್ಕೋ ಬಲಕ್ಕೋ? ನೀನು ನೋಡಿದೀಯಾ?’

ಅವನೂ ನೋಡಿರಲಿಲ್ಲ. ಊರ ಗುಡಿಗೆ ಅವರ ಕೇರಿಯವರದು ಹೊರಗಿನ ಕಟ್ಟೆಯವರೆಗೆ ಮಾತ್ರ. ಒಳಗಿನಿಂದ ಗಂಟೆ ಕೇಳುತ್ತಿತ್ತು, ಬೆನ್ನುಗಳು ಕಾಣುತ್ತಿದ್ದವು. ಅಪ್ಪ ಬೌದ್ಧ ದೀಕ್ಷೆ ತಗೊಂಡ ಮೇಲೆ ಆ ಕಟ್ಟೆಯ ಕಡೆಗೂ ಹೋಗಲಿಲ್ಲ. ಅವತ್ತೇ ಅವ್ವ ಕುಂಕುಮ ಅಳಿಸಿದ್ದಳು. ಗಂಡ ಗುಂಡುಕಲ್ಲಿನ ಹಾಗಿರುವಾಗಲೇ ಹಣೆ ಬರಿದು ಮಾಡಿಕೊಂಡಳಲ್ಲ ಎಂದು ಊರೆಲ್ಲ ಆಡಿಕೊಂಡಿತ್ತು. ಭೀಮೇಶ್ ಸಂಜೆ ಕಾಲೇಜಿನ ಸಹಪಾಠಿಯೊಬ್ಬನನ್ನು, ಯಾರದೋ ಪ್ರಾಜೆಕ್ಟಿಗೆ ಬೇಕು ಎಂದು ಸುಳ್ಳು ಹೇಳಿ, ಕೇಳಿಕೊಂಡ. ಮೂರು ಸುತ್ತು, ಬಲಗಡೆಯಿಂದ. ಅದನ್ನು ಅಕ್ಕನಿಗೆ ಫೋನಿನಲ್ಲಿ ಒಪ್ಪಿಸಿದ. ಆ ಶುಕ್ರವಾರ ತೆಗೆದದ್ದೇ ಈ ಫೋಟೋ. ಸೀರೆ ಅಲ್ಲಿದ್ದ ಗುಜರಾತಿ ಅಂಗಡಿಯವಳದು.

‘ಚಪ್ಪಾಳೆಯೋ ಚಪ್ಪಾಳೆ,’ ಎಂದು ಅಕ್ಕ ನಕ್ಕಿದ್ದಳು. ‘ಒಂದು ಹುಡುಗಿ ನಿಮ್ಮೂರ ಗುಡಿ ಒಳಗಿನ ಫೋಟೋ ತೋರ್ಸಿ ಮಿಸ್ ಅಂತು. ಅಲ್ಲಿ ಕ್ಯಾಮೆರಾ ಬಿಡಲ್ಲ ಅಂದೆ.’

ಆಮೇಲೆ ಅವಳು ಇನ್ನೊಂದು ಸಂಗತಿ ಹೇಳಿದ್ದಳು. ಆ ಶಾಲೆಯ ಮಕ್ಕಳು ಬೆಳಿಗ್ಗೆ ಸಾಲಾಗಿ ನಿಂತು ಹೇಳುವ ಬುದ್ಧವಂದನೆ, ಅಪ್ಪ ತಮಗೆ ಕಲಿಸಿದ್ದೇ. ರಾಗ ಬೇರೆ, ಮಾತು ಅವೇ. ಅವಳೂ ದನಿಗೂಡಿಸಿದಳು. ವಯಸ್ಸಾದ ಟೀಚರೊಬ್ಬಳು ಸಾಲು ಬಿಟ್ಟು ಬಂದು ಅವಳ ಕೈ ಹಿಡಿದುಕೊಂಡು ನಿಂತಳಂತೆ. ಮುಂದಿನ ಶುಕ್ರವಾರ ತನ್ನ ಮನೆಯದನ್ನೇ ತೋರಿಸುತ್ತೇನೆ, ಅಪ್ಪನ ಕತೆ ಹೇಳುತ್ತೇನೆ ಎಂದು ಸಂಸ್ಥೆಗೆ ಬರೆದಳು. ಅಲ್ಲಿನ ಮೇಲ್ವಿಚಾರಕಿ, ಭಾರತದವಳೇ, ಫೋನ್ ಮಾಡಿ ತಿಳಿಹೇಳಿದಳು: ಅದೆಲ್ಲ ಅವರಿಗೂ ಇರುವುದೇ, ಬಣ್ಣ ಇರುವಂಥದ್ದನ್ನು ತೋರಿಸಿ.

ಉಳಿದ ಶುಕ್ರವಾರಗಳಲ್ಲಿ ಯಶೋಧರಾ ಬಣ್ಣ ತೋರಿಸಿದಳು.

ವಾಪಸು ಬಂದಾಗ ಲಂಪಾಂಗಿನ ಪ್ರಮಾಣಪತ್ರ ಯಾವ ಸರ್ಕಾರಿ ನೇಮಕಾತಿಗೂ ಬೇಕಾಗಲಿಲ್ಲ. ನ್ಯಾಮತಿಯಲ್ಲಿ ಒಂದು ಸಂದರ್ಶನ, ಜಗಳೂರಿನಲ್ಲಿ ಎರಡು. ಕೊನೆಗೆ ಚನ್ನಗಿರಿಯ ಖಾಸಗಿ ಶಾಲೆಯವರು, ಆ ಫೋಟೋ ನೋಡಿದವರೇ, ಬನ್ನಿ ಎಂದರು. ಎಲ್‌ಕೆಜಿ ಕೊಟ್ಟರು. ಅದರಿಂದ ಮೇಲಿನ ತರಗತಿಗೆ ಕೊನೆಯವರೆಗೂ ಕಳಿಸಲಿಲ್ಲ. ವರ್ಷಾ ವರ್ಷ ಶಾಲೆಯ ಸರಸ್ವತಿ ಪೂಜೆಯ ದಿನ ಗೇಟಿನ ಫ್ಲೆಕ್ಸಿನಲ್ಲಿ ಅವಳು ಆರತಿ ತಟ್ಟೆ ಹಿಡಿದು ನಗುತ್ತಿರುತ್ತಿದ್ದಳು. ಒಳಗೆ ಆರತಿ ಎತ್ತುತ್ತಿದ್ದವಳು ಕಾರ್ಯದರ್ಶಿಯ ಹೆಂಡತಿ. ಫಾರಿನ್ ಮಿಸ್ ಹೊರಗೆ ಮಕ್ಕಳ ಚಪ್ಪಲಿ ಕಾಯುತ್ತಿದ್ದಳು.

*

ಭೀಮೇಶನ ಲೆಕ್ಕ ಸರಳವಾಗಿತ್ತು. ಫ್ಲೆಕ್ಸನ್ನು ಬಸ್ ಸ್ಟಾಪಿನ ಕಂಬಕ್ಕೆ ಕಟ್ಟುವುದು, ಹಾಲೇಶಪ್ಪನಿಂದ ಅಲ್ಲೇ ಒಂದು ಹಾರ ಹಾಕಿಸುವುದು, ಹೆಣ ಬರುವುದು ತಡ ಎಂದು ಹೇಳಿ ಅಲ್ಲಿಂದಲೇ ಕಳಿಸುವುದು. ಕೇರಿಯವರೆಗೆ ಬಂದರೆ ಕಮಾನಿನ ಮೇಲಿನ ಬಾಬಾಸಾಹೇಬರ ಹೆಸರು ಓದುತ್ತಾನೆ.

ಆದರೆ ಬಸ್ ಸ್ಟಾಪಿನಲ್ಲಿ ಜಗಳೂರಿನಿಂದ ಬಂದಿಳಿದ ಸೋದರಮಾವ ಬೋರಣ್ಣ ಸಿಕ್ಕ. ಬೈಕಿನ ಹಿಂದೆ ಕೂತವನೇ ಫ್ಲೆಕ್ಸಿನ ಸುರುಳಿ ತೊಡೆ ಮೇಲಿಟ್ಟುಕೊಂಡ. ಮೊದಲು ಮನೆ ಮುಂದೆ ಕಟ್ಟೋಣ, ಊರಿಗೆ ಆಮೇಲೆ ತೋರಿಸಿದರಾಯಿತು ಎಂದ. ಭೀಮೇಶ್ ಬೈಕ್ ಚಾಲೂ ಮಾಡಿದ. ಮಾವನಿಗೆ ಹೇಳುವಂಥ ಕಾರಣ ಒಂದೂ ಇರಲಿಲ್ಲ.

ಹೆಣ ಆಗಲೇ ಬಂದು ಅಂಗಳದ ಬೆಂಚಿನ ಮೇಲಿತ್ತು. ಬಿಳಿ ಸೀರೆ ಉಡಿಸಿದ್ದರು. ತಲೆಯ ಬಳಿ ಬುದ್ಧರ ಸಣ್ಣ ಮೂರ್ತಿ, ಮೇಣದ ಬತ್ತಿ. ಶಾಲೆಯ ಕಾರ್ಯದರ್ಶಿ ಧರ್ಮಪ್ಪ ದೊಡ್ಡ ಹಾರ ತಂದಿದ್ದ. ಭೀಮೇಶನನ್ನು ಬೇವಿನ ಮರದ ಕೆಳಗೆ ಕರೆದು, ಮಿಸ್ ಹೋದದ್ದು ಸಂಸ್ಥೆಗೆ ತುಂಬಲಾರದ ನಷ್ಟ ಎಂದ. ನಂತರ ದನಿ ತಗ್ಗಿಸಿ, ‘ಫೋಟೋ ಮಾತ್ರ ಹಂಗೇ ಮುಂದುವರ್ಸ್ತೀವಿ. ಪೇರೆಂಟ್ಸಿಗೆ ಅದು ರೂಢಿ ಆಗೇತಿ. ನಿಮ್ಮದೇನೂ ಅಡ್ಡಿ ಇಲ್ವಲ್ಲ?’ ಎಂದು ಕೇಳಿದ. ಭೀಮೇಶ್ ಇಲ್ಲವೆಂದು ತಲೆಯಾಡಿಸಿದ. ಆಡಿಸಿದ ಮೇಲೆ, ಯಾಕೆ ಆಡಿಸಿದೆ ಎಂದು ಅವನಿಗೇ ಅನ್ನಿಸಿತು.

ಬೋರಣ್ಣ ಅಷ್ಟರೊಳಗೆ ಫ್ಲೆಕ್ಸ್ ಬಿಚ್ಚಿ ಚಪ್ಪರದ ಗಳಕ್ಕೆ ಕಟ್ಟಿದ್ದ. ಅಳುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಒಬ್ಬೊಬ್ಬರಾಗಿ ಓಬವ್ವನ ಕಡೆ ತಿರುಗಿದರು.

ಓಬವ್ವ ಮಗಳ ಕಾಲ ಬಳಿಯಿಂದ ಎದ್ದು ಬಂದಳು. ಮಗನನ್ನಲ್ಲ, ಫ್ಲೆಕ್ಸನ್ನೇ ನೋಡುತ್ತ ಕೇಳಿದಳು.

‘ಯಾರೋ ಇವಳು?’

‘ಅವ್ವಾ, ಟೈಮ್ ಇರ್ಲಿಲ್ಲ...’

‘ನಾನು ಹೇಳಿದ್ದು ಒಂದೇ ಮಾತು. ಮ್ಯಾಲೆ ಬಾಬಾಸಾಹೇಬ್ರಿಗೂ ಟೈಮ್ ಇರ್ಲಿಲ್ವೇನೋ?’

ಅಷ್ಟರಲ್ಲಿ ಕೇರಿಯ ತುದಿಯಲ್ಲಿ ಬೈಕಿನ ಸದ್ದಾಯಿತು. ಹಾಲೇಶಪ್ಪ, ಯಾರನ್ನೂ ದಾರಿ ಕೇಳದೆ, ಕಮಾನಿನೊಳಗಿಂದ ನೆಟ್ಟಗೆ ಬರುತ್ತಿದ್ದ.

*

ಐದು ವರ್ಷದ ಹಿಂದೆ ಹೊನ್ನಾಳಿಯಲ್ಲಿ ಮನೆ ಹುಡುಕುವಾಗ ಹಾಲೇಶಪ್ಪ, ನಿಮ್ಮದು ಯಾವ ಪೈಕಿ ಎಂದು ಕೇಳಿದ್ದ. ಅದಕ್ಕೂ ಮುಂಚೆ ಮೂರು ಮನೆಗಳವರು ಅದೇ ಕೇಳಿ, ನೆಂಟರು ಬರುತ್ತಾರೆ ಎಂದು ಬಾಗಿಲು ಹಾಕಿಕೊಂಡಿದ್ದರು. ಭೀಮೇಶ್ ಸುಳ್ಳು ಹೇಳಲಿಲ್ಲ. ನಮ್ಮಕ್ಕ ಥಾಯ್ಲೆಂಡಿನಲ್ಲಿ ಟೀಚರಾಗಿದ್ದರು ಎಂದು ಮೊಬೈಲಿನಲ್ಲಿ ಆ ಫೋಟೋ ತೋರಿಸಿದ. ಹಾಲೇಶಪ್ಪ ಆರತಿ ತಟ್ಟೆಯನ್ನು, ಕುಂಕುಮವನ್ನು ನೋಡಿ ಮಹಡಿಯ ಬೀಗದ ಕೈ ಕೊಟ್ಟ. ಭೀಮೇಶ್ ಆ ಫೋಟೋಕ್ಕೆ ಕಟ್ಟು ಹಾಕಿಸಿ ಬಾಗಿಲಿಗೆ ಎದುರಾಗಿ ತೂಗುಹಾಕಿದ.

ಯಶೋಧರಾ ಆ ಮನೆಗೆ ಬಂದದ್ದು ಒಂದೇ ಸಲ. ಭೀಮೇಶ್ ಮೆಟ್ಟಿಲ ಬುಡದಲ್ಲೇ ಅವಳನ್ನು ತಡೆದು, ಕೆಳಗಿನವರು ಅಂಗಳದಲ್ಲೇ ಕೂತಿದ್ದಾರೆ, ಹಣೆಗೆ ಏನಾದರೂ ಇಟ್ಟುಕೊಂಡರೆ ಒಳ್ಳೆಯದು ಎಂದ. ಅವಳು ಬ್ಯಾಗು ಬಿಚ್ಚಿದಳು. ಅದರ ಮೂಲೆಯಿಂದ, ಲಂಪಾಂಗಿನ ಕಾಲದ್ದೋ ಏನೋ, ಬೊಟ್ಟಿನ ಹಳೆಯ ಪ್ಯಾಕೆಟ್ ತೆಗೆದು ಒಂದನ್ನು ಅಂಟಿಸಿಕೊಂಡು ಹತ್ತಿದಳು. ಉಂಡಳು, ತಮ್ಮನ ಮಗುವನ್ನು ಆಡಿಸಿದಳು, ಎದುರಿನ ಗೋಡೆಯಲ್ಲಿದ್ದ ತನ್ನನ್ನು ನೋಡಿದಳು. ಹೊರಡುವಾಗ ಬೊಟ್ಟು ಕಿತ್ತು ಬಾಗಿಲ ಚೌಕಟ್ಟಿಗೆ ಅಂಟಿಸಿದಳು.

‘ಇಲ್ಲೇ ಇರ್ಲಿ ಭೀಮ. ಅವ್ವ ಬಂದಾಗ ಬೇಕಾಗ್ತದೆ.’

ಅವ್ವನನ್ನು ಅವನು ಕರೆಯಲೇ ಇಲ್ಲ.

*

ಹಾಲೇಶಪ್ಪ ಹಾರ ಹಾಕಿ, ಕೈಮುಗಿದು, ಬೇವಿನ ಮರದ ಕೆಳಗೆ ಕುರ್ಚಿ ಎಳೆದುಕೊಂಡು ಕೂತ. ಚಹಾ ಬಂತು, ತ್ಯಾವಣಿಗೆಯಲ್ಲಿ ಈಗ ತಾನೇ ಕುಡಿದು ಬಂದೆ ಎಂದ. ನೀರೂ ಬೇಡವೆಂದ. ಭೀಮೇಶ್ ಪಕ್ಕದಲ್ಲಿ ನಿಂತು, ಬಸ್ ಸ್ಟಾಪಿಗೆ ಬರಬೇಕೆಂದೇ ಇದ್ದೆ, ಅಷ್ಟರಲ್ಲಿ ಮಾವ ಬಂದರು ಎಂದು ಏನೇನೋ ತಡವರಿಸಿದ.

ಹಾಲೇಶಪ್ಪ ಅವನ ತೋಳು ತಟ್ಟಿದ. ದನಿಯಲ್ಲಿ ಕನಿಕರವೇ ಇತ್ತು.

‘ಯಾಕೆ ಒದ್ದಾಡ್ತೀರಿ ಭೀಮೇಶಪ್ಪ. ನಮಗೆ ಮೊದಲ್ನೇ ತಿಂಗಳೇ ಗೊತ್ತಾಗಿತ್ತು. ನಿಮ್ಮ ಆಫೀಸಿನೋರೇ ಹೇಳಿದ್ರು. ನೀವು ಹೇಳ್ಲಿಲ್ಲ, ನಾವು ಕೇಳ್ಲಿಲ್ಲ. ಅದಕ್ಕೇ ಅಲ್ವಾ ನಿಮಗೆ ಹಿತ್ಲಾಗೆ ನಲ್ಲಿ ಬೇರೆ ಹಾಕ್ಸಿ ಕೊಟ್ಟಿದ್ದು.’

ಐದು ವರ್ಷದಿಂದ ಆ ನಲ್ಲಿಯನ್ನು ಭೀಮೇಶ್ ಹಾಲೇಶಪ್ಪನ ದೊಡ್ಡತನ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಅಕ್ಕನಿಗೂ ಹೇಳಿದ್ದ. ಅವಳು ಆಗ, ಹೌದಾ, ಎಂದಷ್ಟೇ ಅಂದಿದ್ದಳು.

ಅಂಗಳದಲ್ಲಿ ಗುಜುಗುಜು ಕೇಳಿ ಇಬ್ಬರೂ ತಿರುಗಿದರು. ಓಬವ್ವ ಫ್ಲೆಕ್ಸಿನ ಮುಂದೆ ನಿಂತು ಹಣೆಯ ಕುಂಕುಮವನ್ನು ಒದ್ದೆ ಸೆರಗಿನಿಂದ ಒರೆಸುತ್ತಿದ್ದಳು. ಹೋಗಲಿಲ್ಲ. ಒಳಗೆ ಹೋಗಿ ಪಾತ್ರೆ ತಿಕ್ಕುವ ತೆಂಗಿನ ನಾರು, ಒಂದು ಹಿಡಿ ಬೂದಿ ತಂದಳು. ಬೋರಣ್ಣ, ಅಕ್ಕಾ ಬಿಡು, ಎಂದು ಹತ್ತಿರ ಹೋದವನು ಅವಳ ಮುಖ ನೋಡಿ ಹಿಂದೆ ಸರಿದ. ಸುಟ್ಟ ಪಾತ್ರೆ ತಿಕ್ಕುವ ಹಾಗೆ ಅವಳು ತಿಕ್ಕಿದಳು. ಒಣಗದ ಬಣ್ಣ ಎದ್ದು ಬೂದಿಗೆ ಬೆರೆತು ಕೆಂಪಗೆ ತೋಳಿನ ಒಳಬದಿಯಲ್ಲಿ ಮೊಣಕೈವರೆಗೂ ಇಳಿಯಿತು. ಕುಂಕುಮ ಹೋಯಿತು, ಅದರ ಜೊತೆ ಹಣೆಯೂ ಹೋಗಿ ಬರೀ ಬಿಳಿ ಉಳಿಯಿತು. ಧರ್ಮಪ್ಪ ಚಪ್ಪಲಿ ಹುಡುಕಿಕೊಂಡ.

ಭೀಮೇಶ್ ಚೊಂಬಿನಲ್ಲಿ ನೀರು ಹಿಡಿದು ಅವ್ವನ ಕೈಗೆ ಹುಯ್ಯಲು ಹೋದ. ಅವಳು ಕೈ ಚಾಚಲಿಲ್ಲ.

ಮೂರು ಗಂಟೆಗೆ ಬೋರಣ್ಣ ಬುದ್ಧವಂದನೆಯ ತ್ರಿಶರಣ ಹೇಳಿದ, ಕೇರಿಯವರೆಲ್ಲ ದನಿಗೂಡಿಸಿದರು. ಭೀಮೇಶನಿಗೆ ಮಾತುಗಳು ಬರುತ್ತಿದ್ದವು, ದನಿ ಬರಲಿಲ್ಲ. ಎತ್ತುವ ಮೊದಲು ತಾಯಿಗೆ ಕೊನೆಯ ಸಲ ಮುಖ ನೋಡಲು ಬಿಟ್ಟರು. ಓಬವ್ವ ಬಾಗಿ ಮಗಳ ಹಣೆ ಸವರಲು ಕೈ ಮುಂದೆ ಮಾಡಿದಳು. ಬೆರಳುಗಳೆಲ್ಲ ಕೆಂಪಗಿದ್ದವು. ಕೈ ಅಲ್ಲೇ ನಿಂತಿತು. ಸೀರೆಗೆ ಒರೆಸಿಕೊಂಡಳು, ನೋಡಿದಳು, ಮತ್ತೆ ಒರೆಸಿಕೊಂಡಳು. ಕಡೆಗೆ ಮುಷ್ಟಿ ಕಟ್ಟಿ, ಕೈ ಮಗುಚಿ, ಬೆರಳು ಎಲ್ಲೂ ತಾಗದ ಹಾಗೆ, ಮಣಿಕಟ್ಟಿನ ಹಿಂಬದಿಯಿಂದ ಆ ಬರಿದಾದ ಹಣೆಯನ್ನು ಒಂದು ಸಲ ಸವರಿದಳು.