ಕಳ್ಳ ಉಸಿರು

ಹಾಡುವವರ ಮುಂದಿನ ಸಾಲಿನಲ್ಲಿ ನಿಂತ ಬಸ್ ಚಾಲಕರ ಕತ್ತಿನ ಹಿಂದೆ ಅಂಗಿಯ ಚೀಟಿ ಹೊರಗೆ ಇಣುಕುತ್ತಿದೆ, ಅಳತೆ ನಲವತ್ತೆರಡೋ ನಲವತ್ನಾಲ್ಕೋ, ಕನ್ನಡಕ ಇದ್ದಿದ್ದರೆ ಕಾಣುತ್ತಿತ್ತು, ಕನ್ನಡಕ ಚೀಲದಲ್ಲಿದೆ, ಚೀಲ ಆಚೆ ಕೋಣೆಯಲ್ಲಿದೆ — ಇಪ್ಪತ್ತೊಂಬತ್ತು ವರ್ಷ ಊರವರ ಕನ್ನಡಕಕ್ಕೆಲ್ಲ ಗಾಜು ಉಜ್ಜಿ ಕೊಟ್ಟವಳಿಗೆ ತನ್ನ ಕನ್ನಡಕ ಮೂಗಿಗೇರಿಸುವ ನೆನಪಿಲ್ಲ, ಅಕ್ಕ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಶುಕ್ರವಾರ ಸಂಜೆ ಈ ಹಾಡಿನ ಶಿಬಿರದ ಬಾಗಿಲಲ್ಲೇ ಆದದ್ದೂ ಇದೇ, ಮೇಜಿನ ಮೇಲೆ ಮೂರು ಬಣ್ಣದ ಬಿಲ್ಲೆ, ಪಕ್ಕದಲ್ಲಿ ಸಣ್ಣ ಅಕ್ಷರದ ಕಾಗದ, ಓದುವ ಗೋಜಿಗೇ ಹೋಗದೆ ಸ್ವೆಟರಿಗೆ ಒಪ್ಪುತ್ತದೆಂದು ಕೆಂಪು ಬಿಲ್ಲೆ ಎದೆಗೆ ಅಂಟಿಸಿಕೊಂಡಳು, ಹಸಿರು ಹೊಸಬರಿಗೆ, ಹಳದಿ ಅಷ್ಟಿಷ್ಟು ಬಲ್ಲವರಿಗೆ, ಕೆಂಪು ಪಳಗಿದವರಿಗೆ ಅಂತ ಅವಳಿಗೇನು ಕನಸು ಬಿದ್ದಿತ್ತೇ, ಎಳೆದುಕೊಂಡು ಬಂದದ್ದು ಅಕ್ಕನ ಮಗಳು, ಹಾಡೋಕೆ ಬರದೇ ಇರೋರೂ ಬರಬಹುದಂತೆ ಚಿಕ್ಕಮ್ಮ, ಎರಡು ದಿನ ತಾನೇ, ಮನೇಲಿ ಗೋಡೆ ನೋಡ್ಕೊಂಡು ಏನ್ ಮಾಡ್ತೀಯ. ಹಾಡಿಸುವಾಕೆ — ಗಿಡ್ಡ ಕೂದಲು, ಪಾದಕ್ಕೆ ಬರೀ ಕಾಲುಚೀಲ, ಕಿವಿಯ ಹಿಂದೆ ಪೆನ್ಸಿಲ್ — ಕೆಂಪು ಕಂಡದ್ದೇ ಕಣ್ಣರಳಿಸಿ, ನೀವು ಈ ತುದಿಗೆ ಬನ್ನಿ, ಹೊಸಬ್ರು ನಿಮ್ಮ ದನಿ ಹಿಡ್ಕೊಂಡು ಬರ್ಲಿ, ಎಂದಳು, ಇವಳು ತುದಿಗೆ ಹೋಗಿ ನಿಂತಳು, ಶನಿವಾರ ಬೆಳಗ್ಗೆ ಬಿಲ್ಲೆಯ ಅರ್ಥ ಗೊತ್ತಾಗಿ ಕಿವಿಯವರೆಗೂ ಬಿಸಿಯೇರಿ, ನನಗೆ ಹಾಡಿನ ಗಂಧಗಾಳಿ ಇಲ್ಲ ಕಣ್ರೀ ಎಂದು ಒಪ್ಪಿಸಿದರೆ ಆಕೆ ಬಿದ್ದು ಬಿದ್ದು ನಕ್ಕಳು, ತೆಗೀಬೇಡಿ ಆ ಬಿಲ್ಲೇನ, ನಿಮ್ಮ ಸ್ವರ ಒಂದು ಕೂದಲೆಳೆ ಅಲ್ಲಾಡಲ್ಲ, ಎಲ್ಲಿ ಕಲಿತ್ರಿ. ಎಲ್ಲಿ ಕಲಿತದ್ದು — ಅಂಗಡಿಯ ಹಿಂಬದಿ ಕೋಣೆಯಲ್ಲಿ, ಉಜ್ಜುವ ಚಕ್ರದ ಮುಂದೆ, ಗಾಜು ದಪ್ಪಗಿದ್ದಾಗ ಚಕ್ರ ತಗ್ಗಿ ಗುಂಯ್ ಅನ್ನುತ್ತದೆ, ಅಂಚು ಸವೆದ ಹಾಗೆ ದನಿ ಏರುತ್ತದೆ, ಅಳತೆಗೆ ಬಂದಾಗ ಅದಕ್ಕೊಂದು ಸ್ವರ, ಅದು ದಾಟಿತೋ ಗಾಜು ಕೆಟ್ಟಿತು, ಆ ಸ್ವರವನ್ನು ಗಂಟಲಲ್ಲಿ ಇಟ್ಟುಕೊಂಡೇ ಇಷ್ಟು ವರ್ಷ ಕೆಲಸ ಮಾಡಿದ್ದಾಳೆ, ಅದನ್ನು ಯಾರಾದರೂ ಹಾಡು ಅನ್ನುತ್ತಾರೆಯೇ, ಇಲ್ಲಿಯವರು ಅಂದರು, ಅವರ ಹೊಟ್ಟೆ ತಣ್ಣಗಿರಲಿ.

ಹಾಡು ಎರಡನೆಯ ಪುಟ ದಾಟಿತು, ಕಾಲ ಕೆಳಗೆ ಒಳಾಂಗಣ ಆಟದ ಅಂಕಣದ ಬಿಳಿ ಗೆರೆ, ಅದರುದ್ದಕ್ಕೂ ಸಾಲುಸಾಲಾಗಿ ನಲವತ್ತು ಮಂದಿ, ಎದುರಿಗೆ ಮಡಿಸುವ ಕುರ್ಚಿಗಳಲ್ಲಿ ಕೇಳಲು ಬಂದ ಅವರವರ ಮನೆಯವರು, ಎಡಕ್ಕೆ ಅಕ್ಕನ ಮಗಳು, ಹಸಿರು ಬಿಲ್ಲೆ, ಅವಳಮ್ಮನದೇ ಗದ್ದ — ಬರುತ್ತಿದೆ, ಆ ಕೊನೆಯ ಸ್ವರ ಬರುತ್ತಿದೆ, ಮಾತಿಲ್ಲದ ಬರೀ ಆ, ನಿಧಾನಕ್ಕೆ ಅರವತ್ತು ಎಣಿಸುವಷ್ಟು ಉದ್ದ, ಒಬ್ಬ ಮನುಷ್ಯನ ಎದೆಯಲ್ಲಿ ಅಷ್ಟು ಗಾಳಿ ಎಲ್ಲಿಂದ ಬರಬೇಕು, ಅದಕ್ಕೇ ಕಳ್ಳ ಉಸಿರು ಅಂದಿದ್ದಳು ಹಾಡಿಸುವಾಕೆ, ಪಕ್ಕದೋರು ಹಾಡ್ತಿರುವಾಗ ನೀವು ಸುಮ್ನೆ ಬಿಟ್ಬಿಡಿ, ಉಸಿರು ತಗೊಳ್ಳಿ, ಸದ್ದಿಲ್ದೆ ಮತ್ತೆ ಒಳಗೆ ಬನ್ನಿ, ಅಕ್ಕಪಕ್ಕದೋರು ಇಬ್ರೂ ಒಟ್ಟಿಗೆ ಮಾತ್ರ ಬಿಡ್ಬೇಡಿ. ಎಲ್ಲರಿಗೂ ಬಂತು, ಚಾಲಕರಿಗೂ ಬಂತು, ಅವರದು ಕಳ್ಳ ಉಸಿರೇನಲ್ಲ, ಬಸ್ಸಿನ ಬಾಗಿಲು ತೆರೆದ ಹಾಗೆ ಪುಸ್ ಅನ್ನುತ್ತದೆ, ಆದರೂ ಬಂತು, ಇವಳಿಗೊಬ್ಬಳಿಗೆ ಬರಲಿಲ್ಲ. ನಿನ್ನೆ ಮಧ್ಯಾಹ್ನ ಮೂವತ್ತು ಎಣಿಸಿದರೂ ಬಿಡಲಿಲ್ಲ, ಮೂವತ್ತೈದು, ಕಣ್ಣು ಕತ್ತಲಿಟ್ಟು ಈ ಗೆರೆಯ ಮೇಲೇ ಕುಸಿದು ಕೂತಳು, ಯಾರೋ ನೀರು ತಂದರು, ಹಾಡಿಸುವಾಕೆ ಬಗ್ಗಿ, ಯಾಕ್ರೀ, ನಾವೆಲ್ಲ ಇಲ್ವಾ, ನಾಳೇನೂ ಹಿಂಗೇ ಮಾಡಿದ್ರೆ ಕೊನೇ ಸ್ವರಕ್ಕೆ ನಿಮ್ಮನ್ನ ಕುರ್ಚೀಲಿ ಕೂರಿಸ್ತೀನಿ, ಬೇಜಾರ್ ಮಾಡ್ಕೋಬೇಡಿ. ಯಾಕೆ ಅಂತ ಹೇಗೆ ಹೇಳುವುದು, ಬಿಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತು, ಒಂದು ಸಲ ಬಿಟ್ಟಿದ್ದಾಳೆ. ಎರಡು ವರ್ಷ ಹಾಸಿಗೆ ಹಿಡಿದ ಅಕ್ಕನ ಮಂಚದ ಪಕ್ಕದ ಕುರ್ಚಿಯಲ್ಲಿ ಅವಳೇ, ಅಂಗಡಿಯಿಂದ ನೇರ ಅಲ್ಲಿಗೆ, ಅಕ್ಕನ ಕೈ ತನ್ನ ಕೈಯಲ್ಲಿ, ಅಕ್ಕನ ಉಸಿರು ತನ್ನ ಕಿವಿಯಲ್ಲಿ, ನೀನು ಸ್ವಲ್ಪ ಮಲಗು ಚಿಕ್ಕಮ್ಮ ನಾನು ಕೂತ್ಕೋತೀನಿ ಎಂದರೆ ಬೇಡ, ನಾನಿದ್ದೀನಿ, ನೀನು ಹೋಗು — ಏಳು ತಿಂಗಳ ಹಿಂದಿನ ಆ ಬೆಳಗ್ಗೆ, ಎಂಟೂಕಾಲು, ಹೊದಿಕೆಯ ಮೇಲೆ ಬಿಸಿಲು, ಅಕ್ಕ ಕಣ್ಣು ಬಿಟ್ಟು ಮೂಗು ಮುರಿದಳು, ನಾತ ಹೊಡೀತಿದ್ದೀಯಲ್ಲೇ, ಮೂರು ದಿನದಿಂದ ಅದೇ ಬಟ್ಟೆ, ಹೋಗೇ, ಸ್ನಾನ ಮಾಡ್ಕೊಂಡು ಬಾ. ಇಬ್ಬರೂ ನಕ್ಕರು, ಅಕ್ಕನ ಮಗಳನ್ನು ಕೂರಿಸಿ ಹೋದಳು, ಹತ್ತೇ ನಿಮಿಷ, ತಲೆಗೂ ನೀರು ಹಾಕಿಕೊಂಡಳು, ತಲೆಗೆ ಯಾಕೆ ಹಾಕಿಕೊಂಡೆ, ಬರೀ ಮೈಗಾಗಿದ್ದರೆ ಐದು ನಿಮಿಷ, ಕೂದಲಿಂದ ನೀರು ತೊಟ್ಟಿಕ್ಕುತ್ತಾ ಬಾಗಿಲಿಗೆ ಬಂದಾಗ ಅಕ್ಕನ ಕೈ, ಅದರ ಸುತ್ತ ಮಗಳ ಎರಡು ಕೈ, ಮಗಳ ಹೆಬ್ಬೆರಳು ಅಕ್ಕನ ಗೆಣ್ಣುಗಳ ಮೇಲೆ ಹಿಂದೆ ಮುಂದೆ ಆಡುತ್ತಿತ್ತು, ಆಗಲೇ ಎಲ್ಲ ಮುಗಿದಿತ್ತು. ತಾನಿರಬೇಕಾದ ಜಾಗದಲ್ಲಿ ಬೇರೆ ಕೈ, ಚಕ್ರದ ಮುಂದೆ ಕೂತರೂ ಅದೇ, ತಟ್ಟೆಯ ಮುಂದೆ ಕೂತರೂ ಅದೇ, ಅಕ್ಕನ ಮಗಳು ಎಷ್ಟೋ ಸಲ ಬಾಯಿ ತೆಗೆದಳು, ನಾನಿದ್ದೆನಲ್ಲ ಚಿಕ್ಕಮ್ಮ, ಅಷ್ಟರಲ್ಲೇ ಇವಳು, ಹಾಲು ಉಕ್ಕುತ್ತೆ ನೋಡು ಹೋಗು ಎಂದು ಮಾತು ತಿರುಗಿಸಿಬಿಡುತ್ತಿದ್ದಳು.

ಹಾಡಿಸುವಾಕೆಯ ಕೈ ಮೇಲೇರಿತು, ಆ — ಶುರುವಾಯಿತು, ನಲವತ್ತು ಗಂಟಲು, ಒಂದು, ಎರಡು, ಕುರ್ಚಿಯನ್ನೇನೂ ಹಾಕಿಸಲಿಲ್ಲ, ನಂಬಿಕೆ ಇಟ್ಟಿದ್ದಾಳೆ ಮಹಾತಾಯಿ, ಹನ್ನೊಂದು, ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿದೆಯೇ, ಹದಿನೆಂಟು, ಚಾಲಕರು ಪುಸ್ ಎಂದರು, ಬಾಗಿಲು ತೆರೆಯಿತು, ಮುಚ್ಚಿತು, ಬಸ್ಸು ನಿಲ್ಲಲಿಲ್ಲ, ಇಪ್ಪತ್ನಾಲ್ಕು, ಎದೆ ಬಿಗಿಯುತ್ತಿದೆ, ಬಿಡಬೇಕು, ಬಿಡಲಾರೆ, ಈಗ ಪಕ್ಕದಲ್ಲಿ ಅಕ್ಕನ ಮಗಳು ಬಿಟ್ಟಳು, ಹಾಗಾದರೆ ಇದು ತನ್ನ ಸರದಿಯಲ್ಲ, ಇಬ್ಬರೂ ಒಟ್ಟಿಗೆ ಬಿಡಬಾರದು, ಹಿಡಿದಳು, ಅವಳಿಗಾಗಿ ಹಿಡಿದಳು, ಎಷ್ಟು ಹಗುರ ಅನ್ನಿಸಿತು ಒಬ್ಬರಿಗಾಗಿ ಹಿಡಿಯುವುದು, ಹಿಡಿದವರಿಗೆ ಅದೇನೂ ಭಾರವಲ್ಲವೇ ಹಾಗಾದರೆ, ಅವಳೂ ಆವತ್ತು ಹೀಗೇ — ಸದ್ದಿಲ್ಲದೆ ಅವಳ ದನಿ ಮತ್ತೆ ಒಳಗೆ ಬಂತು, ಮೊಣಕೈ ಮೊಣಕೈಗೆ ತಾಗಿತು, ಮಾತಿಲ್ಲ, ಆದರೂ ಕೇಳಿಸಿತು, ನಾನಿದ್ದೀನಿ ಚಿಕ್ಕಮ್ಮ, ಮೂವತ್ತೊಂದು, ಕಣ್ಣು ಮುಚ್ಚಿಕೊಂಡಳು, ಹೋಗೇ ಅಂದಳು ಅಕ್ಕ, ಅಕ್ಕನೇ ಅಂದದ್ದಲ್ಲವೇ, ಹೋಗೇ, ಮತ್ತು ಬಿಟ್ಟಳು. ಬಾಯಿ ಮುಚ್ಚಿತು, ಗಂಟಲು ಖಾಲಿ, ಸ್ವರ ನಿಲ್ಲಲಿಲ್ಲ. ಅಲ್ಲೇ ಇದೆ, ತಾನಿಲ್ಲದೆ ಇದೆ, ಅದೇ ಎತ್ತರದಲ್ಲಿ, ಅಳತೆಗೆ ಬಂದ ಗಾಜಿನ ಹಾಗೆ ನಿಂತಿದೆ, ಉಸಿರು ಒಳಗೆ ಹೋಯಿತು, ಹೊಟ್ಟೆಯವರೆಗೂ ಹೋಯಿತು, ಏಳು ತಿಂಗಳಿಂದ ಹೋಗದಿದ್ದ ಜಾಗಕ್ಕೆಲ್ಲ ಹೋಯಿತು, ಕೆನ್ನೆ ಒದ್ದೆ, ಇರಲಿ, ಚೀಟಿ ಇಣುಕಿಸಿಕೊಂಡು ನಿಂತ ಈ ಕತ್ತಿಗೆ ಒಳ್ಳೆಯದಾಗಲಿ, ಬರೀ ಕಾಲುಚೀಲದ ಆ ತಾಯಿಗೆ ಒಳ್ಳೆಯದಾಗಲಿ, ತಪ್ಪಿ ಅಂಟಿಸಿಕೊಂಡ ಕೆಂಪು ಬಿಲ್ಲೆಗೂ, ಎಳೆದುಕೊಂಡು ಬಂದ ಈ ಹುಡುಗಿಗೆ — ಇವಳಿಗೆ ಏನು ಹೇಳಲಿ, ಹಾಡು ಮುಗಿದ ಮೇಲೆ ಹೇಳಬೇಕು, ಈ ಸಲ ಹಾಲು ಉಕ್ಕಿದರೆ ಉಕ್ಕಲಿ, ನೀನಿದ್ದೆಯಲ್ಲ ಕಂದಾ, ನಾನು ತಲೆಗೆ ನೀರು ಹಾಕಿಕೊಳ್ಳುವಾಗ ನೀನಿದ್ದೆಯಲ್ಲ, ಬೇರೆ ಕೈ ಅಂದುಕೊಂಡಿದ್ದೆನಲ್ಲ, ಅಕ್ಕನ ಕೈ ಒಂದು ಗಳಿಗೆಯೂ ಖಾಲಿ ಇರಲಿಲ್ಲ, ಮೆಲ್ಲಗೆ ಮತ್ತೆ ದನಿ ಸೇರಿಸಿದಳು, ಯಾರಿಗೂ ಗೊತ್ತಾಗಲಿಲ್ಲ, ಎಣಿಕೆ ತಪ್ಪಿತು, ಆ ಬಿಸಿಲು, ಅಕ್ಕನ ಕೈ, ಅದರ ಸುತ್ತ ಎರಡು ಕೈ, ಗೆಣ್ಣುಗಳ ಮೇಲೆ ಹೆಬ್ಬೆರಳು, ಹಿಂದೆ, ಮುಂದೆ, ಹಿಂದೆ, ಮುಂದೆ —