ಬಕೆಟ್ಟಿನಿಂದ ಬಂದ ಬಲಗಾಲಿನ ಕಾಪು

ನಾನು ಒಂದು ಶಿನ್ ಗಾರ್ಡ್. ಫುಟ್‌ಬಾಲ್ ಆಡುವವರು ಮೊಣಕಾಲಿನ ಕೆಳಗೆ, ಕಾಲುಚೀಲದೊಳಗೆ ಇಟ್ಟುಕೊಳ್ಳುವ ಕಾಪು. ಒದೆ ತಿನ್ನುವುದೇ ನನ್ನ ಉದ್ಯೋಗ. ‘ಇಷ್ಟು ವರ್ಷದಲ್ಲಿ ಅಭ್ಯಾಸವಾಗಿರಬೇಕಲ್ಲ’ ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒದೆ ಯಾರಿಗೂ ಅಭ್ಯಾಸವಾಗುವುದಿಲ್ಲ. ಹುಟ್ಟಿದಾಗಿನಿಂದ ನಾನು ಹೆದರಿಕೊಂಡೇ ಬದುಕಿದ್ದೇನೆ.

ಹುಟ್ಟಿದ್ದು ಉಕ್ರೇನಿನಲ್ಲಿ, ದ್ನಿಪ್ರೊ ನದಿಯ ದಡದ ಒಂದು ಸಣ್ಣ ಊರಿನಲ್ಲಿ. ಅದಕ್ಕೂ ಮೊದಲು ನಾನು ನೀಲಿ ಪ್ಲಾಸ್ಟಿಕ್ ಬಕೆಟ್ ಆಗಿದ್ದೆ. ತಳ ಒಡೆದ ಮೇಲೆ ಸ್ತೆಫಾನಿಯಾ ಎಂಬ ಹೆಂಗಸು ನನ್ನನ್ನು ಕತ್ತರಿಸಿ, ಕುದಿಯುವ ನೀರಿನಲ್ಲಿ ಅದ್ದಿ, ಟವೆಲ್ ಸುತ್ತಿದ ಮಗನ ಬಲಗಾಲಿಗೆ ಒತ್ತಿ ಬಗ್ಗಿಸಿದಳು. ಆ ಊರಿನ ಅಂಗಡಿಯಲ್ಲಿ ಆಗ ಇಂಥ ಸಾಮಾನು ಸಿಗುತ್ತಿರಲಿಲ್ಲ.

“ಅಮ್ಮಾ, ಸುಡ್ತಿದೆ!”

“ಸುಡ್ಲಿ. ಮುರ್ಕೊಳ್ಳೋದಕ್ಕಿಂತ ವಾಸಿ. ಅಲ್ಲಾಡ್ಬೇಡ ಸುಮ್ನಿರು.”

ಒಳಗಡೆ ಹಳೆಯ ಚಳಿಗಾಲದ ಬೂಟಿನ ಉಣ್ಣೆಯನ್ನು ಇಟ್ಟು ಹೊಲಿದಳು. ಎಡಗಾಲಿಗೂ ಒಂದು ಮಾಡಿದ್ದಳು. ಅದು ಒಂದು ಆಟದಲ್ಲಿ ಎರಡು ಹೋಳಾಯಿತು. ಆ ಸದ್ದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮಗನ ಹೆಸರು ಓಸ್ತಾಪ್. ಅವನು ಮಿಡ್‌ಫೀಲ್ಡರ್, ಮೈದಾನದ ನಡುವೆ ಆಡುವವನು. ಎದುರಿನವರೂ ಒದೆಯುತ್ತಾರೆ, ಹಿಂದಿನಿಂದ ಬಂದವರೂ ಒದೆಯುತ್ತಾರೆ. ಅವನಿಗೆ ಚೆಂಡು ಕಾಣುತ್ತಿತ್ತು. ಕಾಲುಚೀಲದ ಕತ್ತಲೆಯಲ್ಲಿದ್ದ ನನಗೆ ಏನೂ ಕಾಣುತ್ತಿರಲಿಲ್ಲ. ಓಡಿ ಬರುವ ಬೂಟುಗಳ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಪೆಟ್ಟು.

ದೊಡ್ಡ ಕ್ಲಬ್ಬಿಗೆ ಹೋದ ಮೇಲೂ ಅವನು ನನ್ನನ್ನು ಬಿಡಲಿಲ್ಲ. ಜೊತೆಗಾರ ಯಾರೆಮಾ ದಿನವೂ ಕಾಲೆಳೆಯುತ್ತಿದ್ದ.

“ಲೋ ಬಕೆಟ್, ಇವತ್ತು ನೀರು ತಂದಿದ್ದೀಯೇನೋ?”

“ನಿನ್ನ ತಲೆ ಮೇಲೆ ಸುರಿಯೋವಷ್ಟಿದೆ, ಬಾ.”

ಆ ದೇಶದವರಿಗೊಂದು ಪದ್ಧತಿ ಇದೆ. ದೂರದ ಊರಿಗೆ ಹೊರಡುವ ಮುಂಚೆ ಎಲ್ಲರೂ ಒಂದು ಗಳಿಗೆ ಮಾತಿಲ್ಲದೆ ಕುಳಿತುಕೊಳ್ಳುತ್ತಾರೆ. ಎದ್ದು ಹೊರಟ ಮೇಲೆ, ಏನೇ ಮರೆತಿರಲಿ, ವಾಪಸ್ ಬರಬಾರದು. ಬರಲೇಬೇಕಾದರೆ ಕನ್ನಡಿ ನೋಡಿ ನಾಲಿಗೆ ಚಾಚಬೇಕು. ಆಗ ಕೆಟ್ಟದ್ದು ತೊಲಗುತ್ತದಂತೆ. ಓಸ್ತಾಪನಿಗೆ ಕನ್ನಡಿಯ ಮೇಲೂ ನಂಬಿಕೆ ಇರಲಿಲ್ಲ. ವಾಪಸ್ ಬರುವುದೇ ಇಲ್ಲ ಎನ್ನುವ ಮನುಷ್ಯ ಅವನು.

ಒಂದು ದಿನ ನನ್ನನ್ನು ಸ್ಟೂಲಿನ ಮೇಲೆ ಮರೆತು ದೂರದ ಊರಿನ ಆಟಕ್ಕೆ ಹೊರಟ. ಗೇಟಿನ ಹತ್ತಿರ ನೆನಪಾಯಿತು. ನಿಂತ. ಹೆಂಡತಿ ಕಿಟಕಿಯಿಂದ ನನ್ನನ್ನು ಎತ್ತಿ ತೋರಿಸಿ ಕೂಗಿದಳು.

“ನಾನೇ ತಂದುಕೊಡ್ಲಾ?”

“ಬೇಡ! ಅದೂ ವಾಪಸ್ ಬಂದ ಹಾಗೇ!”

ಪೆದ್ದ! ಅಲ್ಲಿ ಯಾರದೋ ಬೆಂಕಿಪೊಟ್ಟಣದಷ್ಟಗಲದ ಹೊಸ ಕಾಪನ್ನು ಹಾಕಿಕೊಂಡು ಆಡಿದ. ಬಲಗಾಲಿನ ಮೂಳೆ ಮುರಿಯಿತು. ಊರುಗೋಲಿನಲ್ಲಿ ಮನೆಗೆ ಬಂದವನು ನನ್ನನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದ. ಅವನ ಆಟ ಅಲ್ಲಿಗೆ ಮುಗಿಯಿತು.

ಅಷ್ಟಾದರೂ ಬುದ್ಧಿ ಬರಲಿಲ್ಲ. “ವಾಪಸ್ ಹೋಗಿದ್ರೆ ಎರಡೂ ಕಾಲು ಹೋಗ್ತಿತ್ತು” ಎನ್ನುತ್ತಿದ್ದ.

ಮುಂದೆ ಅವನು ಕೋಚ್ ಆದ. ಹುಟ್ಟೂರಿನ ತಂಡಕ್ಕೇ ಬಂದ. ಯಾರೆಮಾ ಅವನಿಗೆ ಸಹಾಯಕ. ಹುಡುಗರು ಗೌರವದಿಂದ ತಂದೆಯ ಹೆಸರು ಸೇರಿಸಿ ಓಸ್ತಾಪ್ ಇವಾನೊವಿಚ್ ಎನ್ನುತ್ತಿದ್ದರು. ನಾನು ಅವನ ಕೋಟಿನ ಜೇಬಿನಲ್ಲಿದ್ದೆ. ಇನ್ನು ಒದೆಯಿಲ್ಲ ಎಂದುಕೊಂಡೆ. ಆಗ ಯುದ್ಧ ಬಂತು.

ಯುದ್ಧದ ನಡುವೆಯೂ ಆಡುತ್ತಿದ್ದರು. ಸೈರನ್ ಕೂಗಿದರೆ ಆಟ ನಿಲ್ಲಿಸಿ ನೆಲಮಾಳಿಗೆಗೆ ಇಳಿಯುವುದು, ಅಪಾಯ ಕಳೆದ ಮೇಲೆ ಬಂದು ಮತ್ತೆ ಆಡುವುದು. ನನಗಂತೂ ಬೂಟಿನ ಸದ್ದೇ ಎಷ್ಟೋ ವಾಸಿ ಅನ್ನಿಸಿತು. ಬೂಟು ಎಲ್ಲಿಂದ ಬರುತ್ತದೆಂದಾದರೂ ಗೊತ್ತಾಗುತ್ತಿತ್ತು.

ಅಂಥ ಒಂದು ಆಟದಲ್ಲಿ ಮಿರೊನ್ ಎಂಬ ಆಟಗಾರನ ಕಾಲಿಗೆ ಬಲವಾದ ಪೆಟ್ಟು ಬಿತ್ತು. ಅವನನ್ನು ಡ್ರೆಸಿಂಗ್ ರೂಮಿನ ಮೇಜಿನ ಮೇಲೆ ಮಲಗಿಸಿ ಬಂದರು. ಸ್ವಲ್ಪ ಹೊತ್ತಿಗೆ ಸೈರನ್ ಕೂಗಿತು. ಎಲ್ಲರೂ ನೆಲಮಾಳಿಗೆಗೆ ಓಡಿದರು. ಅವನನ್ನು ಇನ್ನೊಬ್ಬರು ಕರೆತರುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು.

“ಮಿರೊನ್ ಎಲ್ಲಿ?” ಎಂದ ಓಸ್ತಾಪ್.

ಓಸ್ತಾಪ್ ಮೆಟ್ಟಿಲ ಕಡೆ ತಿರುಗಿದ. ಯಾರೆಮಾ ಅವನ ಕೋಟು ಹಿಡಿದೆಳೆದ.

“ಹೋಗ್ಬೇಡ ಕಣೋ! ಹೊರಟ ಮೇಲೆ ವಾಪಸ್ ಹೋಗ್ಬಾರ್ದು ಅಂತ ನಮ್ಮ ಪ್ರಾಣ ತಿನ್ನೋನು ನೀನೇ ಅಲ್ವೇನೋ?”

“ಬಿಡೋ ಕೋಟು!”

ಕುಂಟುತ್ತ ಮೇಲಕ್ಕೆ ಹತ್ತಿದ. ಜೇಬಿನಲ್ಲಿದ್ದ ನನಗೆ ಅವನ ಎದೆ ಹೊಡೆದುಕೊಳ್ಳುವುದು ಕೇಳುತ್ತಿತ್ತು. ನನಗೆ ಕೂಗಲು ಬಾಯಿದ್ದರೆ ಬೇಡವೆಂದು ಕೂಗುತ್ತಿದ್ದೆನೋ ಏನೋ. ಅಷ್ಟು ಭಯವಾಗಿತ್ತು.

ಮಿರೊನ್ ನೆಲದಲ್ಲಿ ತೆವಳುತ್ತಿದ್ದ. “ಕಾಲು ಊರಕ್ಕೇ ಆಗ್ತಿಲ್ಲ, ಓಸ್ತಾಪ್ ಇವಾನೊವಿಚ್. ನೀವ್ಯಾಕೆ ವಾಪಸ್ ಬಂದ್ರಿ?” ಎಂದು ಅತ್ತ.

ಓಸ್ತಾಪ್ ನನ್ನನ್ನು ಅವನ ಕಾಲಿಗೆ ಇಟ್ಟು ಬ್ಯಾಂಡೇಜಿನಿಂದ ಬಿಗಿದ. ಎಷ್ಟೋ ವರ್ಷಗಳ ಮೇಲೆ ನನಗೆ ಒಂದು ಕಾಲು ಸಿಕ್ಕಿತು. ಅದು ಬೆಂಕಿಯಂತೆ ಕಾದಿತ್ತು. ಓಸ್ತಾಪ್ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡ. ಬಾಗಿಲ ಪಕ್ಕದಲ್ಲಿ ಕನ್ನಡಿ ತೂಗುತ್ತಿತ್ತು.

“ಕನ್ನಡಿ... ಕನ್ನಡಿ ನೋಡಿ,” ಎಂದ ಮಿರೊನ್.

“ಆಮೇಲೆ ನೋಡೋಣ. ಬಿಗಿಯಾಗಿ ಹಿಡ್ಕೋ.”

ಬಾಗಿಲು ದಾಟಿದ್ದೇ ತಡ, ಕಟ್ಟಡವೆಲ್ಲ ಅದುರಿತು. ಕನ್ನಡಿ ಚೂರುಚೂರಾಗಿ ಹಾರಿತು. ಒಂದು ಚೂರು ನೇರವಾಗಿ ಬಂದು ನನಗೆ ಬಡಿಯಿತು. ನಾನು ಮೇಲಿನಿಂದ ಕೆಳಗಿನವರೆಗೆ ಸೀಳಿಹೋದೆ. ಒಳಗಿದ್ದ ಉಣ್ಣೆ ಅದನ್ನು ತಡೆಯಿತು. ಮಿರೊನನ ಕಾಲಿಗೆ ತಾಗಲಿಲ್ಲ.

ಈಗ ಅವನು ಮತ್ತೆ ಆಡುತ್ತಾನೆ. ನಾನು ಆಡುವುದಿಲ್ಲ. ಹೊಸ ಕನ್ನಡಿ ಇನ್ನೂ ಬಂದಿಲ್ಲ. ಹಳೆಯದರ ಮೊಳೆಗೆ ನನ್ನನ್ನು ತೂಗುಹಾಕಿದ್ದಾರೆ.

ಮೊನ್ನೆ ತಂಡ ಪರವೂರಿಗೆ ಹೊರಟಿತು. ಎಲ್ಲರೂ ಚೀಲಗಳ ಮೇಲೆ ಒಂದು ಗಳಿಗೆ ಸುಮ್ಮನೆ ಕುಳಿತರು. ಓಸ್ತಾಪ್ ಎದ್ದು, “ಯಾರಾದ್ರೂ ಏನಾದ್ರೂ ಮರೆತ್ರೆ ವಾಪಸ್ ಬಂದು ತಗೊಳ್ಳಿ. ನಾನು ಬೈಯಲ್ಲ” ಎಂದ. ಯಾರೆಮಾ ಬಾಯಿ ಬಿಟ್ಟುಕೊಂಡು ನೋಡಿದ.

ಬಸ್ಸು ಹೊರಟ ಸದ್ದಾಯಿತು. ಅವರು ಹೋದಾಗಲೆಲ್ಲ ನನಗೆ ಒಂದೇ ಚಿಂತೆ. ಎಲ್ಲರೂ ಮರಳುತ್ತಾರೋ ಇಲ್ಲವೋ. ಅಷ್ಟರಲ್ಲಿ ಬಸ್ಸು ನಿಂತಿತು. ಕುಂಟುವ ಹೆಜ್ಜೆಯ ಸದ್ದು ಕೇಳಿತು. ಓಸ್ತಾಪ್ ಒಳಗೆ ಬಂದು ಬೆಂಚಿನ ಮೇಲಿದ್ದ ಸೀಟಿಯನ್ನು ತೆಗೆದುಕೊಂಡ. ಬಾಗಿಲ ಬಳಿ ನಿಂತು ಗೋಡೆಯ ಕಡೆ ತಿರುಗಿದ. ಅಲ್ಲಿ ಕನ್ನಡಿ ಇರಲಿಲ್ಲ, ನಾನಿದ್ದೆ.

ತಲೆ ನರೆತ ಆ ಮನುಷ್ಯ ನನಗೆ ನಾಲಿಗೆ ಚಾಚಿ, ದೀಪ ಆರಿಸಿ ಹೋದ.